ಸಹಾಯ ಬೇಕು: ಪಕ್ಕದ ಮೆಷಿನ್ನಿನ ಅಕ್ಕನಿಗೆ ಯೇಸುವಿನ ಬಗ್ಗೆ ಹೇಗೆ ಹೇಳಲಿ?

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮೊನ್ನೆ ಊಟಕ್ಕೆ ಕೂತಾಗ ಪಕ್ಕದ ಮೆಷಿನ್ನಿನ ಅಕ್ಕ ತಮ್ಮ ಬಾಕ್ಸಿನಿಂದ ನನಗೆ ಬಸ್ಸಾರು ಬಡಿಸುತ್ತಾ, "ಊಟಕ್ಕೆ ಮುಂಚೆ ಕಣ್ಣು ಮುಚ್ಕೊಂಡು ಏನಮ್ಮ ಕೇಳ್ಕೋತೀಯ? ನಿಮ್ಮ ಯೇಸು ಏನು ಮಾಡ್ದ, ಹೇಳು" ಅಂದರು. ನಾನು ನಕ್ಕು ಮಾತು ಮರೆಸಿಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮತಾಂತರ ಅಂತ ಯಾರಾದರೂ ಗಲಾಟೆ ಎಬ್ಬಿಸಿದರೆ ಅನ್ನೋ ಭಯ ನಿಜ. ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಹೇಳಿಕೊಳ್ಳುವ ಹಕ್ಕು ಕೊಟ್ಟಿದೆ, ಗೊತ್ತು. ಆದರೆ ಅದಕ್ಕಿಂತ ದೊಡ್ಡ ತೊಡಕು ಭಾಷೆ. ವಿಮೋಚನೆ, ಕೃಪಾವರ ಅಂತ ಚರ್ಚಿನ ಕನ್ನಡದಲ್ಲಿ ಶುರು ಮಾಡಿದರೆ ಅಕ್ಕನಿಗೆ ಏನು ಅರ್ಥವಾಗಬೇಕು? ಎಂ.ಜಿ. ರಸ್ತೆಯಲ್ಲಿ ಕಿಟ್ಟೆಲ್ ಪ್ರತಿಮೆ ನೋಡಿದಾಗೆಲ್ಲ ಅನ್ನಿಸುತ್ತೆ, ಜರ್ಮನಿಯಿಂದ ಬಂದವರು ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಬರೆದರು, ಇಲ್ಲೇ ಹುಟ್ಟಿದ ನನಗೆ ಯಾಕೆ ಬಾಯಿ ಬರಲ್ಲ?

ಯೇಸು ಹೇಳಿದ ತಪ್ಪಿಹೋದ ಮಗನ ಕಥೆ ಹೇಳೋಣ ಅಂತಿದ್ದೀನಿ. ಆಸ್ತಿ ಪಾಲು ತಗೊಂಡು ಹೋಗಿ, ಎಲ್ಲ ಕಳ್ಕೊಂಡು ಬಂದ ಮಗನನ್ನು ಅಪ್ಪ ಓಡಿ ಹೋಗಿ ತಬ್ಬಿಕೊಂಡದ್ದು. ಅಕ್ಕನ ಮಗನೂ ಮನೆ ಬಿಟ್ಟು ಎರಡು ವರ್ಷ. ಅವರ ನೋವು ಕೆದಕಿದ ಹಾಗಾಗುತ್ತಾ? ಅವರ ದೇವರನ್ನು, ಅವರು ಕೊಡೋ ಪ್ರಸಾದವನ್ನು ಹಗುರ ಮಾಡದೆ ಹೇಳೋದು ಹೇಗೆ?

ಕೆಲಸದ ಜಾಗದಲ್ಲಿ ಹೀಗೆ ಮಾತಾಡಿದವರು ದಯವಿಟ್ಟು ಹೇಳಿ, ಮೊದಲ ಮಾತು ಏನಂತ ಆಡಿದಿರಿ? ಈ ಕಥೆ ಇರೋ ಬೈಬಲ್ಲಿನ ಭಾಗ, ಲೂಕನ ಸುವಾರ್ತೆ, ಓದಿ ಕೇಳಿಸೋಕೆ ಆಡುಮಾತಿನ ಕನ್ನಡದಲ್ಲಿ ಸಿಕ್ಕರೂ ತಿಳಿಸಿ. ಸೋಮವಾರ ಮತ್ತೆ ಜೊತೆಗೇ ಊಟಕ್ಕೆ ಕೂರುತ್ತೀವಿ.