ಮಾಪ್ ವಾಸನೆ ಬರ್ತಿದೆ, ತೊಳೀಬೇಕಾ ಬಿಸಾಕ್ಬೇಕಾ?

ಎರಡು ತಿಂಗಳ ಹಿಂದೆ ತಗೊಂಡ ಸ್ಪಿನ್ ಮಾಪ್, ಒರೆಸಿದ ಮೇಲೆ ಮನೆಯೆಲ್ಲ ಒದ್ದೆ ಗೋಣಿಚೀಲದ ವಾಸನೆ, ಫಿನಾಯಿಲ್ ಎಷ್ಟು ಹಾಕಿದ್ರೂ ಹೋಗ್ತಿಲ್ಲ. ಬೆಂಗಳೂರಲ್ಲಿ ಫ್ಲಾಟು, ಟೈಲ್ಸ್ ನೆಲ. ರೀಫಿಲ್ ಬದಲಾಯಿಸ್ಲಾ, ಇಲ್ಲ ಫ್ಲಾಟ್ ಮಾಪ್ ತಗೊಳ್ಲಾ? ಬಳಸಿದವರು ಹೇಳಿ ಪ್ಲೀಸ್.

ಅಕ್ಕಾ, ಬಿಸಾಕೋಕೆ ಮುಂಚೆ ಒಂದ್ಸಲ ತೊಳೆದು ನೋಡಿ. ನಮ್ಮನೇಲೂ ಒರೆಸಿ ಆದ್ಮೇಲೆ ಬಕೆಟ್ಟಿನ ಬುಟ್ಟಿಲೇ ನಿಲ್ಲಿಸಿಬಿಡ್ತಿದ್ವಿ, ಕೆಳಗೆ ನೀರು, ಗಾಳಿ ಆಡಲ್ಲ, ರಾತ್ರಿಯೆಲ್ಲ ಬ್ಯಾಕ್ಟೀರಿಯಾ ಬೆಳೆಯತ್ತೆ, ವಾಸನೆ ಅದರದ್ದೇ. ಪ್ಲೇಟಿಂದ ರೀಫಿಲ್ ಬಿಚ್ಚಿ ಮೊದಲು ಸುತ್ತಿಕೊಂಡ ಕೂದಲೆಲ್ಲ ಕಿತ್ತು ತೆಗೀರಿ, ಆಮೇಲೆ ಬಿಸಿನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ. ಕುದಿಯೋ ನೀರು ಬೇಡ, ಮೈಕ್ರೋಫೈಬರ್ ಅಂದ್ರೆ ಪಾಲಿಯೆಸ್ಟರ್ ಜಾತಿ, ಎಳೆ ಹಾಳಾಗತ್ತೆ. ಫ್ಯಾಬ್ರಿಕ್ ಕಂಡೀಷನರ್ ಅಂತೂ ಹಾಕ್ಲೇಬೇಡಿ, ಎಳೆ ಮೇಲೆ ಪದರ ಕೂತು ನೀರೇ ಹೀರಲ್ಲ. ಫಿನಾಯಿಲ್ ಜಾಸ್ತಿ ಸುರಿದ್ರೆ ನೆಲ ಅಂಟಂಟಾಗಿ ಇನ್ನೂ ಬೇಗ ಕೊಳೆ ಹಿಡಿಯತ್ತೆ, ಕಮ್ಮಿ ಮಾಡಿ.

ನಮ್ಮದು ಸಾಗರದ ಹತ್ರ, ಮಳೆಗಾಲದಲ್ಲಿ ಬಿಸಿಲು ಕಾಣೋದೇ ಅಪರೂಪ. ಹತ್ತಿ ನೂಲಿನ ದಪ್ಪ ಮಾಪ್ ಎರಡು ದಿನ ಆದ್ರೂ ಒಣಗ್ತಿರಲಿಲ್ಲ, ಮೈಕ್ರೋಫೈಬರ್ ಎಷ್ಟೋ ವಾಸಿ. ಅಮ್ಮ ಈಗ್ಲೂ ಹಳೇ ಪಂಚೆ ಹರಿದು ಒರೆಸೋದು, ಬಚ್ಚಲು ಒಲೆ ಮೇಲಿನ ಹಗ್ಗಕ್ಕೆ ಹಾಕಿದ್ರೆ ಬೆಳಗಾಗೋದ್ರೊಳಗೆ ಗರಿಗರಿ (ಮೈಕ್ರೋಫೈಬರ್ ಹಾಗೆ ಒಲೆ ಹತ್ರ ಇಡಬೇಡಿ, ಕರಗತ್ತೆ). ನಾನು ಎರಡು ರೀಫಿಲ್ ಇಟ್ಕೊಂಡು ದಿನ ಬಿಟ್ಟು ದಿನ ಬದಲಾಯಿಸ್ತೀನಿ, ಎರಡೂ ಪೂರ್ತಿ ಒಣಗತ್ತೆ. ರೆಡ್ ಆಕ್ಸೈಡ್ ನೆಲ ಇರೋರು ವಿನಿಗರ್, ಆಸಿಡ್ ಮುಟ್ಟಿಸ್ಬೇಡಿ, ಹೊಳಪು ಹೋದ್ರೆ ವಾಪಸ್ ತರೋದು ಕಷ್ಟ.

ಮೇಲೆ ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ, ವಾಸನೆ ಹೋಗಲಿ ಅಂತ ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ಕ್ಲೀನರ್ ಯಾವತ್ತೂ ಬೆರೆಸ್ಬೇಡಿ, ಕ್ಲೋರಿನ್ ಗ್ಯಾಸ್ ಬರತ್ತೆ, ಶ್ವಾಸಕ್ಕೆ ತುಂಬಾ ಅಪಾಯ.

ಫ್ಲಾಟ್ ಮಾಪ್ ನಮ್ಮಲ್ಲಿದೆ, ಮಂಚದ ಕೆಳಗೆ ಸಲೀಸಾಗಿ ಹೋಗತ್ತೆ, ಮಂಡಿನೋವಿರೋ ನಮ್ಮತ್ತೆಗೆ ಅದೇ ಅನುಕೂಲ, ಆದ್ರೆ ಅಡುಗೆಮನೇಲಿ ಸಾಂಬಾರ್ ಚೆಲ್ಲಿದ್ರೆ ಸ್ಪಿನ್ ಮಾಪೇ ಬೇಕು. ಯಾವುದು ತಗೊಂಡ್ರೂ ರೀಫಿಲ್ ಬೇರೆ ಸಿಗತ್ತಾ ಅಂತ ಮೊದ್ಲೇ ಕೇಳಿ, ನಮ್ಮ ಹಳೇದಕ್ಕೆ ಸರಿಹೊಂದೋ ರೀಫಿಲ್ ಸಿಗದೆ ಗಟ್ಟಿಮುಟ್ಟಾದ ಬಕೆಟ್ಟು ಮೂಲೆ ಸೇರ್ತು, ಈಗ್ಲೂ ಹೊಟ್ಟೆ ಉರಿಯತ್ತೆ. ತೊಳೆದು ಒಣಗಿಸಿದ ಮೇಲೂ ನೀರು ತಾಗಿದ ತಕ್ಷಣ ವಾಸನೆ ಬಂದ್ರೆ, ಇಲ್ಲ ಎಳೆ ಉದುರಿ ನೆಲದ ಮೇಲೆ ಗೆರೆ ಬಿಡ್ತಿದ್ರೆ ಬದಲಾಯಿಸಿಬಿಡಿ. ನಮ್ಮನೇಲಿ ಮೂರ್ನಾಲ್ಕು ತಿಂಗಳು ಬರತ್ತೆ.

ಎಲ್ರಿಗೂ ಥ್ಯಾಂಕ್ಸ್. ಈಗಷ್ಟೇ ಸೋಡಾ ನೀರಲ್ಲಿ ನೆನೆಸಿದೆ, ನೀರು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ! ಬಾಲ್ಕನಿ ಗೋಡೆಗೆ ಹುಕ್ಕು ಹಾಕಿಸ್ತೀನಿ, ಇನ್ಮೇಲೆ ಬುಟ್ಟಿಲಿ ಬಿಡಲ್ಲ. ಒಣಗಿದ್ಮೇಲೆ ವಾಸನೆ ಹೆಂಗಿದೆ ಅಂತ ನಾಳೆ ಹೇಳ್ತೀನಿ.