ಫ್ರೆಡ್ಡಿ ಮರ್ಕ್ಯುರಿಯ ಸಂಗೀತದಲ್ಲಿ ಪಂಚಗಣಿಯ ಪಾಲು ಎಷ್ಟು?

ಪ್ರಶ್ನೆ: ಶ್ರುತಿಪೆಟ್ಟಿಗೆ

ಬ್ರಿಟನ್ನಿನ ಕ್ವೀನ್ ಎಂಬ ರಾಕ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಅವರ ಕುರಿತು ಬರೆಯುವ ನಮ್ಮವರಲ್ಲಿ ಹಲವರು 'ಭಾರತೀಯ ಮೂಲದ ರಾಕ್ ತಾರೆ' ಎಂದೇ ಶುರುಮಾಡುತ್ತಾರೆ. ಅವರ ಗಾಯನದಲ್ಲಿ ಲತಾ ಮಂಗೇಶ್ಕರ್ ಅವರ ಪ್ರಭಾವವಿದೆ, ನಾಲ್ಕು ಸ್ಥಾಯಿಗಳಲ್ಲಿ (ಒಂದು ಷಡ್ಜದಿಂದ ಮೇಲಿನ ಷಡ್ಜದವರೆಗೆ ಒಂದು ಸ್ಥಾಯಿ) ಅವರು ಲೀಲಾಜಾಲವಾಗಿ ಹಾಡುತ್ತಿದ್ದರು ಎಂಬ ಮಾತುಗಳೂ ಜೊತೆಗೆ ಬರುತ್ತವೆ. ಇವುಗಳಲ್ಲಿ ನಿಜವೆಷ್ಟು, ಅಭಿಮಾನದ ಉತ್ಪ್ರೇಕ್ಷೆಯೆಷ್ಟು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ಅವರ ಹಾಡುಗಳಿಗೆ ನಾನು ಹೊಸಬ. ಎಲ್ಲಿಂದ ಆರಂಭಿಸಬೇಕೆಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಳೆಯ ಕ್ಯಾಸೆಟ್ಟು

ಫರ್ರೋಖ್ ಬಲ್ಸಾರಾ ಎಂಬುದು ಅವರ ಹುಟ್ಟುಹೆಸರು. 1946ರ ಸೆಪ್ಟೆಂಬರ್ 5ರಂದು ಜಾಂಜಿಬಾರ್‌ನಲ್ಲಿ, ಗುಜರಾತಿನ ಮೂಲದ ಪಾರ್ಸಿ ಮನೆತನದಲ್ಲಿ ಅವರು ಜನಿಸಿದರು. ತಂದೆ ಅಲ್ಲಿನ ಬ್ರಿಟಿಷ್ ಆಡಳಿತದಲ್ಲಿ ನೌಕರರಾಗಿದ್ದರು. ಇನ್ನೂ ಚಿಕ್ಕ ವಯಸ್ಸಿನಲ್ಲೇ ಅವರನ್ನು ಮಹಾರಾಷ್ಟ್ರದ ಪಂಚಗಣಿಯಲ್ಲಿರುವ ಸೇಂಟ್ ಪೀಟರ್ಸ್ ವಸತಿ ಶಾಲೆಗೆ ಸೇರಿಸಿದರು. ಪಿಯಾನೋ ಪಾಠ ನಡೆದದ್ದು, 'ಫ್ರೆಡ್ಡಿ' ಎಂಬ ಹೆಸರು ಬಿದ್ದದ್ದು, ಸಹಪಾಠಿಗಳ ಜೊತೆ 'ದಿ ಹೆಕ್ಟಿಕ್ಸ್' ಎಂಬ ತಂಡ ಕಟ್ಟಿ ಮೊದಲ ಬಾರಿಗೆ ವೇದಿಕೆ ಹತ್ತಿದ್ದು ಎಲ್ಲವೂ ಆ ಶಾಲೆಯಲ್ಲೇ. ಆದರೆ ಆ ತಂಡ ನುಡಿಸುತ್ತಿದ್ದುದು ಕ್ಲಿಫ್ ರಿಚರ್ಡ್, ಲಿಟಲ್ ರಿಚರ್ಡ್ ಮುಂತಾದವರ ಪಾಶ್ಚಾತ್ಯ ಹಾಡುಗಳನ್ನು ಎಂಬುದನ್ನು ನಾವು ಮರೆಯಬಾರದು.

1964ರ ಜನವರಿಯಲ್ಲಿ ಜಾಂಜಿಬಾರ್‌ನಲ್ಲಿ ಕ್ರಾಂತಿಯಾದಾಗ ಕುಟುಂಬ ಊರು ಬಿಟ್ಟು ಲಂಡನ್ ಸಮೀಪದ ಫೆಲ್ತಮ್‌ನಲ್ಲಿ ನೆಲೆಸಿತು. ಈಲಿಂಗ್ ಕಲಾ ಕಾಲೇಜಿನಲ್ಲಿ ಗ್ರಾಫಿಕ್ ವಿನ್ಯಾಸ ಕಲಿತ ಅವರು ಹೊಟ್ಟೆಪಾಡಿಗಾಗಿ ಕೆನ್ಸಿಂಗ್ಟನ್ ಮಾರುಕಟ್ಟೆಯಲ್ಲಿ ಡ್ರಮ್ ವಾದಕ ರೋಜರ್ ಟೇಲರ್ ಜೊತೆಗೂಡಿ ಹಳೆಯ ಬಟ್ಟೆ ಮಾರಿದರು. 1970ರಲ್ಲಿ ಟೇಲರ್ ಹಾಗೂ ಗಿಟಾರ್ ವಾದಕ ಬ್ರಯನ್ ಮೇ ಅವರ ಜೊತೆ ಕ್ವೀನ್ ತಂಡ ರೂಪುಗೊಂಡಿತು. ಮರುವರ್ಷ ಬೇಸ್ ಗಿಟಾರ್ ವಾದಕ ಜಾನ್ ಡೀಕನ್ ಬಂದು ಸೇರಿದರು. ಕಲಾ ಕಾಲೇಜಿನ ಓದು ವ್ಯರ್ಥವಾಗಲಿಲ್ಲ. ತಂಡದ ಲಾಂಛನವನ್ನು ಫ್ರೆಡ್ಡಿಯವರೇ ಬಿಡಿಸಿದರು: ಸಿಂಹ ರಾಶಿಯ ಟೇಲರ್ ಮತ್ತು ಡೀಕನ್ ಅವರಿಗೆ ಎರಡು ಸಿಂಹ, ಕರ್ಕಾಟಕದ ಮೇ ಅವರಿಗೆ ಏಡಿ, ಕನ್ಯಾ ರಾಶಿಯ ತಮಗೆ ಇಬ್ಬರು ಯಕ್ಷಿಣಿಯರು. ರಾಶಿ ನೋಡುವ ಚಟ ನಮ್ಮವರಿಗಷ್ಟೇ ಇರುವುದಲ್ಲ ಎಂದಾಯಿತು.

ಉತ್ತರ: ತಾರಸ್ಥಾಯಿ

ಭಾರತೀಯ ಪ್ರಭಾವದ ಬಗ್ಗೆ ನನ್ನದು ಸ್ವಲ್ಪ ನಿಷ್ಠುರವಾದ ಅಭಿಪ್ರಾಯ. ಬಾಲ್ಯದಲ್ಲಿ ಹಿಂದಿ ಚಿತ್ರಗೀತೆಗಳು ಅವರ ಕಿವಿಗೆ ಬಿದ್ದಿರಬಹುದು. ಕಿವಿಗೆ ಬಿದ್ದದ್ದೆಲ್ಲ ಕಂಠಕ್ಕೆ ಇಳಿಯುವುದಿಲ್ಲ. ಅವರ ಗಾಯನದಲ್ಲಿ ಸ್ವರವನ್ನು ಅಲುಗಿಸುವ ಗಮಕವಾಗಲಿ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಆಗಲಿ ನನಗಂತೂ ಕೇಳಿಸಿಲ್ಲ. 1978ರ 'ಮುಸ್ತಫಾ' ಹಾಡಿನಲ್ಲಿ ಪೂರ್ವದೇಶಗಳ ಛಾಯೆ ಇದೆಯಾದರೂ ಅದು ಅರಬ್ಬೀ ಶೈಲಿಯ ವಿನೋದವೇ ಹೊರತು ಹಿಂದೂಸ್ತಾನಿಯಲ್ಲ.

ನಾಲ್ಕು ಸ್ಥಾಯಿಗಳ ಮಾತಿಗೆ ಬರೋಣ. ನಮ್ಮಲ್ಲಿ ಮೂರು ಸ್ಥಾಯಿ ಮುಟ್ಟಿದವರನ್ನೇ ತಲೆಯ ಮೇಲೆ ಹೊತ್ತು ಮೆರೆಸುತ್ತೇವೆ. 2016ರಲ್ಲಿ ಯುರೋಪಿನ ಧ್ವನಿವಿಜ್ಞಾನಿಗಳು ಫ್ರೆಡ್ಡಿಯವರ ಹಾಡು ಮತ್ತು ಸಂದರ್ಶನಗಳ ಮುದ್ರಣಗಳನ್ನು ಪರೀಕ್ಷಿಸಿದಾಗ ಈ ಹೇಳಿಕೆಗೆ ದೃಢವಾದ ಪುರಾವೆ ಸಿಗಲಿಲ್ಲ. ಸಂದರ್ಶನಗಳಲ್ಲಿ ಅವರ ಮಾತಿನ ಶ್ರುತಿ ಸುಮಾರು 117 ಹರ್ಟ್ಜ್ ಇದ್ದುದರಿಂದ ಅವರದು ಸಹಜವಾಗಿ ಬ್ಯಾರಿಟೋನ್ (ಗಂಡಸರ ಮಧ್ಯಮ ಎತ್ತರದ) ಕಂಠವಾಗಿದ್ದು, ಹಾಡುವಾಗ ಅವರು ಟೆನರ್ (ಅದಕ್ಕಿಂತ ಮೇಲಿನ) ಎತ್ತರಕ್ಕೆ ಏರುತ್ತಿದ್ದರೆಂಬುದು ಆ ವಿಜ್ಞಾನಿಗಳ ಊಹೆ. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ ಕಂಪನದ ವೇಗ: ದೀರ್ಘ ಸ್ವರಗಳಲ್ಲಿ ಅವರ ಶ್ರುತಿ ಸೆಕೆಂಡಿಗೆ ಸುಮಾರು ಏಳು ಬಾರಿ ಸ್ವಲ್ಪ ಮೇಲೆ ಕೆಳಗೆ ತೂಗುತ್ತಿತ್ತು, ಶಾಸ್ತ್ರೀಯ ತರಬೇತಿ ಪಡೆದ ಗಾಯಕರಲ್ಲಿ ಈ ವೇಗ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಬಾಯಲ್ಲಿ ಹೆಚ್ಚುವರಿಯಾಗಿದ್ದ ನಾಲ್ಕು ಹಲ್ಲುಗಳನ್ನು ಕೀಳಿಸಿದರೆ ಧ್ವನಿ ಕೆಟ್ಟೀತೆಂಬ ಭಯದಿಂದ, ಹಣ ಬಂದ ಮೇಲೂ ಅವರು ಅದಕ್ಕೆ ಒಪ್ಪಲಿಲ್ಲ.

ಆದರೆ ಅವರ ನಿಜವಾದ ಹಿರಿಮೆ ಕಂಠಕ್ಕಿಂತ ಹೆಚ್ಚಾಗಿ ರಚನೆಯಲ್ಲಿದೆ ಎಂಬುದು ನನ್ನ ವಾದ. 1981ರ 'ಗ್ರೇಟೆಸ್ಟ್ ಹಿಟ್ಸ್' ಸಂಗ್ರಹದ 17 ಹಾಡುಗಳಲ್ಲಿ 10 ಅವರವೇ. 1975ರ 'ಬೊಹೀಮಿಯನ್ ರಾಪ್ಸೊಡಿ'ಯನ್ನೇ ತೆಗೆದುಕೊಳ್ಳಿ. ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಆರಂಭವಾದಾಗ ಇಡೀ ಹಾಡಿನ ನಕ್ಷೆ ಅವರ ತಲೆಯಲ್ಲೇ ಇತ್ತು. ಉಳಿದ ಮೂವರಿಗೆ ಅದು ತುಂಡುತುಂಡಾಗಿ ತಿಳಿಯುತ್ತ ಹೋಯಿತು. ನಡುವಿನ ಅಪೆರಾ (ಪಾಶ್ಚಾತ್ಯ ಗೀತನಾಟಕ) ಶೈಲಿಯ ಭಾಗದಲ್ಲಿ ಕೇಳುವ ದೊಡ್ಡ ಮೇಳ ನಿಜಕ್ಕೂ ಮೇಳವಲ್ಲ: ಟೇಲರ್ ಮೇಲಿನ ಸ್ವರಗಳನ್ನೂ, ಫ್ರೆಡ್ಡಿ ನಡುವಿನವನ್ನೂ, ಮೇ ಕೆಳಗಿನವನ್ನೂ ಹಿಡಿದು ಮತ್ತೆ ಮತ್ತೆ ಹಾಡಿ, 24 ಟ್ರ್ಯಾಕ್‌ಗಳ (ಧ್ವನಿಗಳನ್ನು ಬೇರೆಬೇರೆಯಾಗಿ ಹಿಡಿದಿಡುವ ಸಾಲುಗಳ) ಟೇಪಿನ ಮೇಲೆ ಪದರಪದರವಾಗಿ ಸೇರಿಸಿದ್ದು. ಹೀಗೆ ಸೇರಿದ ಪದರಗಳು ಸುಮಾರು 180 ಎನ್ನುತ್ತಾರೆ. ಟೇಪು ಯಂತ್ರದಲ್ಲಿ ಓಡಿ ಓಡಿ, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವಷ್ಟು ಸವೆದಿತ್ತಂತೆ. ಸುಮಾರು ಆರು ನಿಮಿಷದ ಹಾಡನ್ನು ಯಾವ ರೇಡಿಯೋದವರೂ ಹಾಕುವುದಿಲ್ಲವೆಂದು ಎಚ್ಚರಿಸಿದರೂ ತಂಡ ಪಟ್ಟು ಸಡಿಲಿಸಲಿಲ್ಲ. ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು.

ಉತ್ತರ: ಕಾಫಿಪುಡಿ

ತಾರಸ್ಥಾಯಿಯವರು ಸಂಗೀತದ ಮಟ್ಟಿಗೆ ಹೇಳಿದ್ದು ಸರಿ. ಆದರೆ ಮೂಲದ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಫ್ರೆಡ್ಡಿಯವರು ಸಂದರ್ಶನಗಳಲ್ಲಿ ಬಾಲ್ಯದ ವಿಷಯವನ್ನು ಅಷ್ಟಾಗಿ ಎತ್ತುತ್ತಿರಲಿಲ್ಲವಾದರೂ ಅವರ ಅಂತ್ಯಸಂಸ್ಕಾರವನ್ನು ಲಂಡನ್ನಿನಲ್ಲಿ ಪಾರ್ಸಿ ಪುರೋಹಿತರೇ ನಡೆಸಿದರು. ಮನೆತನದ ನಂಟು ಕಡಿದಿರಲಿಲ್ಲ ಎಂಬುದಕ್ಕೆ ಅಷ್ಟು ಸಾಕು.

ಪಂಚಗಣಿಯ ಪಾಲು ಶಾಲೆಯಲ್ಲೇ ಶುರುವಾದ ವೇದಿಕೆಯ ಅಭ್ಯಾಸದಲ್ಲಿದೆ ಎಂದು ನನಗನ್ನಿಸುತ್ತದೆ. ಆ ಅಭ್ಯಾಸ ಎಷ್ಟು ಪಳಗಿತ್ತು ಎಂಬುದಕ್ಕೆ ಒಂದು ಉದಾಹರಣೆ ಸಾಕು. 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದ 'ಲೈವ್ ಏಡ್' ಕಾರ್ಯಕ್ರಮದಲ್ಲಿ ತಂಡಕ್ಕೆ ಸಿಕ್ಕಿದ್ದು ಸುಮಾರು 20 ನಿಮಿಷ. ಇಥಿಯೋಪಿಯದ ಬರಗಾಲದ ನೆರವಿಗಾಗಿ ನಡೆದ ಆ ಕಾರ್ಯಕ್ರಮಕ್ಕೆ ಅವರು ಮುಂಚಿತವಾಗಿ ಲಂಡನ್ನಿನ ಶಾ ರಂಗಮಂದಿರದಲ್ಲಿ ತಾಲೀಮು ನಡೆಸಿ, ಒಂದು ಕ್ಷಣವೂ ಪೋಲಾಗದಂತೆ ಹಾಡುಗಳನ್ನು ಮೊಟಕುಗೊಳಿಸಿ ಜೋಡಿಸಿಕೊಂಡು ಬಂದಿದ್ದರು. ಸುಮಾರು 72,000 ಜನರ ಮುಂದೆ ಫ್ರೆಡ್ಡಿಯವರು ಒಂದು ಸ್ವರಗುಚ್ಛ ಹಾಡಿ ನಿಲ್ಲಿಸುತ್ತಾರೆ, ಇಡೀ ಮೈದಾನ ಅದನ್ನೇ ತಿರುಗಿ ಹಾಡುತ್ತದೆ.

ಕೊನೆಯ ವರ್ಷಗಳು ಕಠಿಣವಾಗಿದ್ದವು. 1987ರಲ್ಲಿ ಏಡ್ಸ್ ಪತ್ತೆಯಾದ ಮೇಲೂ ಅವರು ಧ್ವನಿಮುದ್ರಣ ನಿಲ್ಲಿಸಲಿಲ್ಲ. ಕಾಯಿಲೆಯ ವಿಷಯವನ್ನು 1991ರ ನವೆಂಬರ್ 23ರಂದು ಹೇಳಿಕೆಯ ಮೂಲಕ ಬಹಿರಂಗಪಡಿಸಿದರು; ಮರುದಿನ, 45ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ಕಾಲ ಮನೆಯ ಬಾಗಿಲಲ್ಲಿ ಕ್ಯಾಮೆರಾ ಹಿಡಿದು ಕಾದಿದ್ದ ಪತ್ರಿಕೆಗಳ ನಡತೆಯನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ಶ್ರುತಿಪೆಟ್ಟಿಗೆ

ಎಲ್ಲರಿಗೂ ಧನ್ಯವಾದಗಳು. ಯಾವುದನ್ನು ಮೊದಲು ಕೇಳಲಿ ಎಂಬುದೊಂದು ಬಾಕಿ ಉಳಿಯಿತು.

ತಾರಸ್ಥಾಯಿ

'ಗ್ರೇಟೆಸ್ಟ್ ಹಿಟ್ಸ್' ಬೇಡ, ಅದು ತಾನಾಗಿಯೇ ಕಿವಿಗೆ ಬೀಳುತ್ತದೆ. 1974ರ 'ಕ್ವೀನ್ 2' ಆಲ್ಬಮ್ಮಿನ ಎರಡನೆಯ ಬದಿಯಿಂದ ಆರಂಭಿಸಿ. ಅದರಲ್ಲಿರುವುದೆಲ್ಲ ಫ್ರೆಡ್ಡಿಯವರದೇ ರಚನೆ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ, ಧ್ವನಿಗಳು ಎಡಕ್ಕೂ ಬಲಕ್ಕೂ ಓಡಾಡುವುದು ಮೊಬೈಲಿನ ಸ್ಪೀಕರಿನಲ್ಲಿ ತಿಳಿಯುವುದಿಲ್ಲ. ಆಮೇಲೆ 1975ರ 'ಎ ನೈಟ್ ಅಟ್ ದಿ ಆಪೆರಾ', ಅದಾದ ಮೇಲೆ ಸ್ಪೇನಿನ ಅಪೆರಾ ಗಾಯಕಿ ಮೊಂಟ್ಸೆರಾಟ್ ಕಬಾಯೆ ಅವರ ಜೊತೆ ಹಾಡಿದ 'ಬಾರ್ಸಿಲೋನಾ'.