ಕಪಾಲ ನರ ಅಂದರೆ ಕೆನ್ನೆಯ ನರವೇ?

ಗೆಳೆಯರೇ,

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಪದ ‘ಕಪಾಲ ನರ’. ಮಿದುಳಿಗೆ ನೇರವಾಗಿ ಸೇರಿಕೊಂಡು ಕಣ್ಣು, ಮೂಗು, ಕಿವಿ, ನಾಲಿಗೆ, ಮುಖದ ಕೆಲಸ ನೋಡಿಕೊಳ್ಳುವ 12 ಜೊತೆ ನರಗಳಿಗೆ ನಮ್ಮ ಪುಸ್ತಕಗಳಲ್ಲಿ ಇರುವ ಹೆಸರು. ಜನಸಾಮಾನ್ಯರಿಗಾಗಿ ಬರೆದ ಒಂದು ಪುಟ್ಟ ಕೈಪಿಡಿಯನ್ನು ಕನ್ನಡಕ್ಕೆ ತರಲು ಒಪ್ಪಿಕೊಂಡಿದ್ದೇನೆ. ಮೊದಲ ಪುಟದಲ್ಲೇ ಈ ಪದ ಎದುರಾಯಿತು, ಅಲ್ಲೇ ನಿಂತುಬಿಟ್ಟೆ. ಕಾರಣ ನಮ್ಮ ಚಿಕ್ಕಮ್ಮ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರು ಬಾಯಿ ಮುಕ್ಕಳಿಸುತ್ತಿದ್ದಾಗ ನೀರು ಎಡಗಡೆಯಿಂದ ತಾನಾಗಿ ಸುರಿಯಿತು. ಕನ್ನಡಿ ನೋಡಿಕೊಂಡರೆ ಬಾಯಿ ಸೊಟ್ಟ. ಎಡಗಣ್ಣು ಮುಚ್ಚುತ್ತಿಲ್ಲ. ಲಕ್ವ ಹೊಡೆಯಿತು ಅಂತ ಹೆದರಿ ಆಸ್ಪತ್ರೆಗೆ ಓಡಿದೆವು. ಡಾಕ್ಟರು ಹುಬ್ಬು ಏರಿಸಲು ಹೇಳಿದರು. ಎಡಹುಬ್ಬು ಏಳಲೇ ಇಲ್ಲ. ಅವರಿಗೆ ಅದೇ ಸಮಾಧಾನ! ಲಕ್ವದಲ್ಲಿ ಸಾಮಾನ್ಯವಾಗಿ ಹಣೆ ಉಳಿದುಕೊಳ್ಳುತ್ತದಂತೆ. ಹಣೆಗೆ ಮಿದುಳಿನ ಎರಡೂ ಕಡೆಯಿಂದ ಅಪ್ಪಣೆ ಬರುತ್ತದಲ್ಲ, ಅದಕ್ಕೆ. ಹಣೆಯೂ ಸೋತಿದೆ ಅಂದರೆ ತೊಂದರೆ ಮಿದುಳಿನದಲ್ಲ, ಕಿವಿಯ ಪಕ್ಕದ ಮೂಳೆಯೊಳಗಿನ ಸಣ್ಣ ಕೊಳವೆಯಲ್ಲಿ ಹಾದುಬರುವ ನರದ್ದು. ಬೆಲ್ಸ್ ಪಾಲ್ಸಿ. “ನಿಮ್ಮ ಏಳನೇ ಕಪಾಲ ನರ ಊದಿಕೊಂಡಿದೆ, ವಾಸಿಯಾಗುತ್ತೆ ಬಿಡಿ” ಅಂದರು. ಪಾಪ, ಕನ್ನಡದಲ್ಲೇ ಹೇಳಬೇಕು ಅನ್ನುವ ಆಸೆ.

ಚಿಕ್ಕಮ್ಮನ ಕಿವಿಗೆ ಬಿದ್ದದ್ದು ‘ಕಪಾಳ’. ಮನೆಗೆ ಬಂದವರೇ ಎಡಗೆನ್ನೆಗೆ ಬಿಸಿ ಎಣ್ಣೆ ತಿಕ್ಕಲು ಶುರು ಮಾಡಿದರು. “ಕಪಾಳದಲ್ಲಿ ಏಳು ನರ ಇವೆಯಂತೆ, ಕೊನೇದು ಕೆಟ್ಟಿದೆಯಂತೆ” ಅಂತ ಬಂದವರಿಗೆಲ್ಲ ವರದಿ. ಪಕ್ಕದ ಮನೆಯಾಕೆ ದನಿ ತಗ್ಗಿಸಿ “ಯಾರು ಹೊಡೆದರು?” ಅಂತ ಕೇಳಿದ್ದೂ ಆಯಿತು. ಕಪಾಳಮೋಕ್ಷ ಅನ್ನುವ ಮಾತಿರುವ ಭಾಷೆಯಲ್ಲಿ ಇನ್ನೇನಾದೀತು? ಮೂರು ತಿಂಗಳಿಗೆ ಮುಖ ಸರಿಹೋಯಿತು. ಎಣ್ಣೆಯಿಂದಲೇ ಹೋಯಿತು ಅನ್ನುವುದು ಅವರ ಇಂದಿನವರೆಗಿನ ನಂಬಿಕೆ.

ಸಂಸ್ಕೃತದಲ್ಲಿ ಕಪಾಲ ಅಂದರೆ ತಲೆಬುರುಡೆ, ಮಡಕೆಯ ಚೂರು, ಭಿಕ್ಷೆಯ ಬಟ್ಟಲು. ಕೆನ್ನೆಗೆ ಕಪೋಲ. ಎರಡೂ ಕಲಸಿಕೊಂಡು ನಮ್ಮ ‘ಕಪಾಳ’ ಹುಟ್ಟಿತು ಅನ್ನುವುದು ನನ್ನ ಊಹೆ. ಹೇಗೇ ಬಂದಿರಲಿ, ಈಗ ಅದು ಕೆನ್ನೆಯೇ. ತಮಾಷೆ ಏನೆಂದರೆ, ಏಳನೇ ನರದ ಕವಲುಗಳು ನಿಜಕ್ಕೂ ಕೆನ್ನೆಯಲ್ಲೇ ಹರಡಿಕೊಂಡಿವೆ. ಹಾಗಾಗಿ ತಪ್ಪು ಅರ್ಥವೂ ಸರಿ ಅನ್ನಿಸಿಬಿಡುತ್ತದೆ. ಆದರೆ ಮೂಗಿನ ಮೇಲ್ಛಾವಣಿಯಲ್ಲಿರುವ ವಾಸನೆಯ ನರವನ್ನೂ ಕಪಾಲ ನರ ಅಂದರೆ ಓದುವವರು ಎಲ್ಲಿ ಮುಟ್ಟಿಕೊಳ್ಳಬೇಕು?

ಇನ್ನು ‘ನರ’. ಅದೇ ದಿನ ಸಕ್ಕರೆ ಪರೀಕ್ಷೆಗೆ ರಕ್ತ ತೆಗೆಯಲು ಬಂದ ನರ್ಸ್ ಮೊಣಕೈ ಮಡಿಕೆಯನ್ನು ತಟ್ಟಿ ತಟ್ಟಿ, “ಇವರಿಗೆ ನರಾನೇ ಸಿಗ್ತಿಲ್ಲ” ಅಂದಿದ್ದರು. ಚಿಕ್ಕಮ್ಮ ಎರಡನ್ನೂ ಕೂಡಿಸಿದರು: “ಕೈಯಲ್ಲೇ ನರ ಇಲ್ಲ ಅಂದಮೇಲೆ ಮುಖದಲ್ಲಿ ಎಲ್ಲಿಂದ ಬರಬೇಕು?” ನರ್ಸ್ ಹುಡುಕಿದ್ದು ರಕ್ತ ಹರಿಯುವ ಅಭಿಧಮನಿಯನ್ನು. ಡಾಕ್ಟರು ಹೇಳಿದ್ದು ಸುದ್ದಿ ಸಾಗಿಸುವ ನರದ ಬಗ್ಗೆ. ಹಿಮ್ಮಡಿ ಮೇಲಿನ ಹುರಿ ಹಿಡಿದುಕೊಂಡರೂ ನಾವು “ನರ ಎಳೆದಿದೆ” ಅನ್ನುತ್ತೇವೆ. ಪುಸ್ತಕಕ್ಕೆ ಅದು ಸ್ನಾಯುರಜ್ಜು. ಜನಕ್ಕೆ ಮೂರೂ ನರವೇ.

ಇದನ್ನು ಜನರ ಅಜ್ಞಾನ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ತಮಿಳಿನ ನರಂಬು ಕೂಡ ಹೀಗೇ ಎಲ್ಲಕ್ಕೂ ಸಲ್ಲುತ್ತದೆ. ಜೊತೆಗೆ ವೀಣೆಯಂಥ ವಾದ್ಯದ ತಂತಿಯೂ ನರಂಬೇ. ಗ್ರೀಕರ ‘ನ್ಯೂರಾನ್’ ಮೊದಲಿಗೆ ಮಾಂಸ-ಮೂಳೆ ಕಟ್ಟುವ ಹುರಿ, ಬಿಲ್ಲಿನ ಹೆದೆ. ಆಮೇಲೆ ನರವಾಯಿತು. ‘ಸ್ನಾಯು’ವಿನ ಪಾಡು ಇನ್ನೂ ಚೆನ್ನ. ಸುಶ್ರುತ ಸಂಹಿತೆಯಲ್ಲಿ ಅದು ಕೀಲುಗಳನ್ನು ಬಿಗಿದು ಕಟ್ಟುವ ಹುರಿ, 900 ಇವೆ ಅಂತ ಲೆಕ್ಕ. ಬಂಗಾಳಿಯಲ್ಲಿ ಸ್ನಾಯು ಅಂದರೆ ನರ. ಕನ್ನಡದಲ್ಲಿ ಮಾಂಸಖಂಡ. ಎಳೆ, ಹುರಿ, ತಂತಿ ಥರ ಕಂಡದ್ದಕ್ಕೆಲ್ಲ ಒಂದೇ ಹೆಸರು. ಕೊಯ್ದು ನೋಡದವರಿಗೆ ಬೇರೆ ಮಾಡುವ ಜರೂರೂ ಇರಲಿಲ್ಲ, ಅಲ್ವಾ?

ಆ ದಿನಗಳಲ್ಲಿ ಚಿಕ್ಕಮ್ಮನಿಗೆ ಸಾರು ಸಪ್ಪೆ ಅನ್ನಿಸುತ್ತಿತ್ತು. ಕುಕ್ಕರ್ ಸೀಟಿ ಎಡಗಿವಿಗೆ ಬಡಿದ ಹಾಗೆ ಕೇಳುತ್ತಿತ್ತು. ಏಳನೇ ನರದ ಒಂದು ಕವಲು ಕಿವಿತಮಟೆಯ ಒಳಮಗ್ಗುಲಲ್ಲಿ ಹಾದು, ನಾಲಿಗೆಯ ಮುಂಭಾಗದ ರುಚಿಯನ್ನು ತರುತ್ತದೆ. ಇನ್ನೊಂದು ಕವಲು ಕಿವಿಯೊಳಗಿನ ಪುಟ್ಟ ರಿಕಾಪು ಮೂಳೆಯನ್ನು ಎಳೆದು ಹಿಡಿಯುವ ಮಾಂಸಖಂಡವನ್ನು ಆಡಿಸಿ ಜೋರು ಸದ್ದು ತಗ್ಗಿಸುತ್ತದೆ. ಮೊದಲನೆಯದರ ಲ್ಯಾಟಿನ್ ಹೆಸರಿನ ಅರ್ಥ ಸುಮ್ನೆ ‘ತಮಟೆಯ ತಂತಿ’. “ಚಿಕ್ಕಮ್ಮಾ, ರುಚಿಯ ತಂತಿ ಕಿವಿ ತಮಟೆ ಪಕ್ಕದಲ್ಲೇ ಹೋಗುತ್ತೆ” ಅಂದೆ. “ಓ, ಅದಕ್ಕೇ ಉಪ್ಪು ತಿಳೀತಿಲ್ಲ” ಅಂದರು. ಅಷ್ಟೇ. ಎಂಟು ದಿನದಿಂದ ಕಪಾಲ ಮಾಡಲಾಗದ್ದನ್ನು ತಮಟೆ ಮಾಡಿತು.

ಆ ಧೈರ್ಯದ ಮೇಲೆ ಕೆಲವು ಹೆಸರು ಬರೆದಿಟ್ಟಿದ್ದೇನೆ. ನಾಲ್ಕನೆಯದು ರಾಟೆ ನರ. ಇದು ಆಡಿಸುವ ಕಣ್ಣಿನ ಮಾಂಸಖಂಡದ ಹುರಿ, ಬಾವಿಯ ಹಗ್ಗ ರಾಟೆ ಮೇಲೆ ಹಾಯುವಂತೆ ಒಂದು ಸಣ್ಣ ಕುಣಿಕೆಯಲ್ಲಿ ತೂರಿ ತಿರುಗುತ್ತದೆ. ಲ್ಯಾಟಿನ್ ಹೆಸರಿಗೂ ಅದೇ ಅರ್ಥ. ಐದನೆಯದು ಮುಕ್ಕವಲು ನರ. ಮುಕ್ಕಣ್ಣ, ಮುಕ್ಕಾಲು ಇದ್ದಮೇಲೆ ಮುಕ್ಕವಲು ಯಾಕಾಗಬಾರದು? ಹತ್ತನೆಯದು ಅಲೆಮಾರಿ ನರ. ತಲೆಯಿಂದ ಹೊರಟು ಎದೆ ದಾಟಿ ಹೊಟ್ಟೆವರೆಗೆ ಹೋಗುತ್ತದೆ. ಇದರದೊಂದು ಕವಲು ಕಿವಿಯಲ್ಲೂ ಇದೆ, ಗುಗ್ಗೆ ತೆಗೆಯುವಾಗ ಕೆಲವರಿಗೆ ಕೆಮ್ಮು ಬರುವುದು ಅದಕ್ಕೇ. ಉಳಿದವಕ್ಕೆ ವಾಸನೆ ನರ, ನೋಟದ ನರ, ಮುಖದ ನರ ಅಂದರೆ ಸಾಕು.

ಸಿಕ್ಕಿಹಾಕಿಕೊಂಡಿರುವುದು ಎರಡು ಕಡೆ. 12ಕ್ಕೂ ಒಟ್ಟಾಗಿ ಏನನ್ನಬೇಕು? ‘ತಲೆ ನರ’ ಅಂದರೆ ಸಿಟ್ಟು ಬಂದಾಗ ಹಣೆಯಲ್ಲಿ ಉಬ್ಬುವುದು ನೆನಪಾಗುತ್ತದೆ. ‘ಬುರುಡೆ ನರ’ ಅಂದರೆ ಬುರುಡೆ ಬಿಡುತ್ತಿದ್ದೇನೆ ಅಂದುಕೊಂಡಾರು. ‘ಮಿದುಳ ನರ’ದ ಕಡೆ ನನ್ನ ಒಲವು ಜಾಸ್ತಿ. ಪಠ್ಯದ ಮೇಷ್ಟರುಗಳು ಒಪ್ಪುವರೋ ಇಲ್ಲವೋ.

ಎರಡನೆಯದು, ಸೂಜಿ ಚುಚ್ಚುವ ಆ ನರಕ್ಕೆ ನಿಮ್ಮ ಕಡೆ ಬೇರೆ ಮಾತು ಇದೆಯೇ? ಪುಸ್ತಕದ ರಕ್ತನಾಳ, ಅಭಿಧಮನಿ ಬೇಡ. ನಿಮ್ಮಜ್ಜಿ ಕೈ ಚಾಚಿ ತೋರಿಸುತ್ತಾ ಏನನ್ನುತ್ತಿದ್ದರು, ಅದು ಬೇಕು. ಊರಿನ ಹೆಸರನ್ನೂ ಸೇರಿಸಿ ಬರೆಯಿರಿ.